ಟ್ರ್ಯಾಕ್ಟರ್ ಹಿಂದಿನ ಮೂರು ಕೊಂಡಿ: ಯಾರು ಈ ಹ್ಯಾರಿ ಫರ್ಗ್ಯೂಸನ್?

ನಮ್ಮ ಹಳ್ಳಿಗಳಲ್ಲಿ ಮ್ಯಾಸಿ ಅಂದರೆ ಸಾಕು, ಯಾವ ಟ್ರ್ಯಾಕ್ಟರ್ ಅಂತ ಎಲ್ಲರಿಗೂ ಗೊತ್ತು. ಪೂರ್ತಿ ಹೆಸರು ಮ್ಯಾಸಿ ಫರ್ಗ್ಯೂಸನ್. ಈ ಹೆಸರು ಯಾರ ಸ್ವತ್ತು ಅನ್ನುವ ಜಗಳ 2024ರಲ್ಲಿ ಕೋರ್ಟ್ ಮೆಟ್ಟಿಲು ಹತ್ತಿತು. ಒಂದು ಕಡೆ ಅಮೆರಿಕದ ಆಗ್ಕೋ ಕಂಪನಿ, ಇನ್ನೊಂದು ಕಡೆ ದಶಕಗಳಿಂದ ಇಲ್ಲಿ ಆ ಟ್ರ್ಯಾಕ್ಟರ್ ಮಾಡಿ ಮಾರುತ್ತಿರುವ ಚೆನ್ನೈನ ಟಾಫೆ. 2025ರ ಜುಲೈನಲ್ಲಿ ರಾಜಿಯಾಯಿತು. ಭಾರತ, ನೇಪಾಳ, ಭೂತಾನ್‌ಗಳಲ್ಲಿ ಆ ಬ್ರ್ಯಾಂಡ್ ಟಾಫೆಗೇ ಸೇರಿದ್ದು ಅಂತ ತೀರ್ಮಾನವಾಯಿತು.

ಸರಿ, ಅಷ್ಟು ದೊಡ್ಡ ಕಂಪನಿಗಳು ಕಿತ್ತಾಡುವಷ್ಟು ಬೆಲೆಯ ಹೆಸರು ಅದು. ಆ ಫರ್ಗ್ಯೂಸನ್ ಯಾರು? ಏನು ಮಾಡಿದ?

ಚಿಕ್ಕದಾಗಿ ಹೇಳಬೇಕಂದರೆ ಹೀಗೆ. ಯಾವುದೇ ಟ್ರ್ಯಾಕ್ಟರ್ ಹಿಂದೆ ಹೋಗಿ ನಿಲ್ಲಿ. ಮಹೀಂದ್ರಾ ಆಗಲಿ, ಸ್ವರಾಜ್ ಆಗಲಿ, ಜಾನ್ ಡೀರ್ ಆಗಲಿ. ಕೆಳಗೆ ಎರಡು ಲಿಂಕ್, ಮೇಲೆ ಮಧ್ಯದಲ್ಲಿ ಒಂದು ಟಾಪ್ ಲಿಂಕ್ ಇರುತ್ತದೆ. ಕಲ್ಟಿವೇಟರ್, ನೇಗಿಲು, ರೋಟವೇಟರ್ ಎಲ್ಲ ಅದಕ್ಕೇ ಸಿಕ್ಕಿಸುವುದು. ಈ ಮೂರು ಕೊಂಡಿ ಮತ್ತು ಅದನ್ನು ಎತ್ತಿ ಇಳಿಸುವ ಹೈಡ್ರಾಲಿಕ್, ಎರಡನ್ನೂ ಸೇರಿಸಿ ಕೆಲಸಕ್ಕೆ ಬರುವ ಹಾಗೆ ಮಾಡಿದವನು ಹ್ಯಾರಿ ಫರ್ಗ್ಯೂಸನ್.

ಟ್ರ್ಯಾಕ್ಟರ್ ಇವನು ಕಂಡುಹಿಡಿದದ್ದಲ್ಲ

ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ ಫರ್ಗ್ಯೂಸನ್ ಅಂದರೆ ಟ್ರ್ಯಾಕ್ಟರ್ ಜನಕ ಅಂತ ಸುಮ್ನೆ ಹೇಳುವವರಿದ್ದಾರೆ. ಉಗಿ ಇಂಜಿನ್‌ನಿಂದ ಉಳುವ ಯಂತ್ರಗಳು 19ನೇ ಶತಮಾನದಲ್ಲೇ ಇದ್ದವು. ಅಮೆರಿಕದ ಐಯೋವಾದಲ್ಲಿ ಜಾನ್ ಫ್ರೋಲಿಕ್ ಅನ್ನುವವನು 1892ರಲ್ಲಿ ಪೆಟ್ರೋಲ್ ಇಂಜಿನ್‌ನ ಟ್ರ್ಯಾಕ್ಟರ್ ಓಡಿಸಿದ. ಇಂಗ್ಲೆಂಡಿನಲ್ಲಿ ಸೈಕಲ್ ತಯಾರಿಸುತ್ತಿದ್ದ ಡ್ಯಾನ್ ಆಲ್ಬೋನ್ 1902ರಲ್ಲಿ ಐವೆಲ್ ಅನ್ನುವ ಹಗುರ ಟ್ರ್ಯಾಕ್ಟರ್ ಮಾಡಿದ. 1917ರಲ್ಲಿ ಕಾರಿನ ಹೆನ್ರಿ ಫೋರ್ಡ್ ಫೋರ್ಡ್‌ಸನ್ ತಂದ. ಕಾರಿನ ಹಾಗೆಯೇ ಅದನ್ನೂ ಸಾಲುಸಾಲಾಗಿ ತಯಾರಿಸಿ ಅಗ್ಗಕ್ಕೆ ಮಾರಿದ.

ಅಂದರೆ ಫರ್ಗ್ಯೂಸನ್ ಬರುವ ಹೊತ್ತಿಗೆ ಎಳೆಯುವ ಯಂತ್ರ ಇತ್ತು. ಅದಕ್ಕೆ ನೇಗಿಲು ಕಟ್ಟುವುದು ಹೇಗೆ ಅನ್ನುವುದರ ಬಗ್ಗೆ ಮಾತ್ರ ಯಾರೂ ಸರಿಯಾಗಿ ತಲೆ ಕೆಡಿಸಿಕೊಂಡಿರಲಿಲ್ಲ.

ಹೊಲದ ಕೆಲಸ ಬೇಡವೆಂದು ಓಡಿದವನು

ಫರ್ಗ್ಯೂಸನ್ ಹುಟ್ಟಿದ್ದು 1884ರ ನವೆಂಬರ್ 4ರಂದು, ಐರ್ಲೆಂಡಿನ ಉತ್ತರ ಭಾಗದ ಕೌಂಟಿ ಡೌನ್‌ನಲ್ಲಿ, ಗ್ರೋವೆಲ್ ಅನ್ನುವ ಊರಲ್ಲಿ. ರೈತರ ಮನೆ. ಅಪ್ಪ ಬಹಳ ಕಟ್ಟುನಿಟ್ಟಿನ ದೈವಭಕ್ತ. ಹುಡುಗನಿಗೆ ಹೊಲದ ದುಡಿಮೆಯೂ ಬೇಡ, ಮನೆಯ ಶಿಸ್ತೂ ಬೇಡ. 1902ರಲ್ಲಿ ಬೆಲ್‌ಫಾಸ್ಟ್‌ಗೆ ಹೋಗಿ ಅಣ್ಣ ಜೋನ ಸೈಕಲ್ ಮತ್ತು ಕಾರು ರಿಪೇರಿ ಅಂಗಡಿ ಸೇರಿಕೊಂಡ.

ಅಲ್ಲಿ ಇಂಜಿನ್ ಟ್ಯೂನ್ ಮಾಡುವುದರಲ್ಲಿ ಕೈ ಪಳಗಿತು. ಅಷ್ಟಕ್ಕೇ ಸುಮ್ಮನಾಗಲಿಲ್ಲ. ವಿಮಾನದ ಹುಚ್ಚು ಹಿಡಿಯಿತು. ರೈಟ್ ಸಹೋದರರು ಹಾರಿ ಇನ್ನೂ ಆರು ವರ್ಷ ಆಗಿತ್ತಷ್ಟೇ. ತಾನೇ ಒಂದು ವಿಮಾನ ಕಟ್ಟಿ, 1909ರ ಡಿಸೆಂಬರ್ 31ರಂದು ಹಿಲ್ಸ್‌ಬರೋದಲ್ಲಿ ಸುಮಾರು 130 ಗಜ ಹಾರಿಸಿದ. ಐರ್ಲೆಂಡಿನ ನೆಲದಲ್ಲಿ ಇಂಜಿನ್ ವಿಮಾನ ಹಾರಿದ್ದು ಅದೇ ಮೊದಲು.

1911ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಸ್ವಂತ ಕಾರು ವ್ಯಾಪಾರ ಶುರುಮಾಡಿದ. ಅಲ್ಲಿ ಅವನ ಜೊತೆಗಿದ್ದ ಮೆಕ್ಯಾನಿಕ್ ವಿಲ್ಲಿ ಸ್ಯಾಂಡ್ಸ್ ಹೆಸರನ್ನು ಮರೆಯಬಾರದು. ಫರ್ಗ್ಯೂಸನ್ ಹೇಳಿದ್ದನ್ನು ಕಬ್ಬಿಣದಲ್ಲಿ ಮಾಡಿ ತೋರಿಸುತ್ತಿದ್ದವನು ಅವನು. ಮುಂದೆ ಬಂದ ಯಂತ್ರಗಳಲ್ಲಿ ಸ್ಯಾಂಡ್ಸ್ ಪಾಲು ತುಂಬಾ ಇದೆ, ಹೆಸರು ಮಾತ್ರ ಫರ್ಗ್ಯೂಸನ್‌ಗೆ ಬಂತು.

1917: ಯುದ್ಧ, ಹಸಿವು, ಟ್ರ್ಯಾಕ್ಟರ್

ಮೊದಲ ಮಹಾಯುದ್ಧ ನಡೆಯುತ್ತಿತ್ತು. ಬ್ರಿಟನ್‌ಗೆ ಆಹಾರ ತರುತ್ತಿದ್ದ ಹಡಗುಗಳನ್ನು ಜರ್ಮನಿಯ ಸಬ್‌ಮರೀನ್‌ಗಳು ಮುಳುಗಿಸುತ್ತಿದ್ದವು. ಇದ್ದ ನೆಲದಲ್ಲೇ ಜಾಸ್ತಿ ಬೆಳೆಯಬೇಕಾಯಿತು. ಉಳುವವರು ಸೈನ್ಯದಲ್ಲಿ, ಕುದುರೆಗಳೂ ಸೈನ್ಯದಲ್ಲಿ. ಆಗ ಅಲ್ಲಿನ ಕೃಷಿ ಮಂಡಳಿ ಫರ್ಗ್ಯೂಸನ್‌ನನ್ನು ಕರೆದು, ಐರ್ಲೆಂಡ್ ಪೂರ್ತಿ ಸುತ್ತಿ ರೈತರ ಟ್ರ್ಯಾಕ್ಟರ್‌ಗಳು ಸರಿಯಾಗಿ ಕೆಲಸ ಮಾಡುವಂತೆ ನೋಡಿಕೋ ಅಂತ ಹೇಳಿತು. ಅವನು ಅದಾಗಲೇ ಓವರ್‌ಟೈಮ್ ಅನ್ನುವ ಅಮೆರಿಕನ್ ಟ್ರ್ಯಾಕ್ಟರ್ ಮಾರುತ್ತಿದ್ದ.

ಫರ್ಗ್ಯೂಸನ್, ಸ್ಯಾಂಡ್ಸ್ ಇಬ್ಬರೂ 1917ರ ಮಾರ್ಚ್‌ನಿಂದ ಹೊಲಹೊಲ ತಿರುಗಿದರು. ಎಲ್ಲಿ ಹೋದರೂ ಕಂಡದ್ದು ಒಂದೇ. ಕುದುರೆ ಇದ್ದ ಜಾಗಕ್ಕೆ ಇಂಜಿನ್ ತಂದು ನಿಲ್ಲಿಸಿದ್ದಾರೆ, ಹಿಂದೆ ಅದೇ ಥರದ ನೇಗಿಲನ್ನು ಸರಪಳಿಯಲ್ಲೋ ಒಂದು ಕೊಕ್ಕೆಯಲ್ಲೋ ಕಟ್ಟಿ ಎಳೆಸುತ್ತಿದ್ದಾರೆ. ಟ್ರ್ಯಾಕ್ಟರ್ ಒಂದು ಯಂತ್ರ, ನೇಗಿಲು ಇನ್ನೊಂದು. ಒಂದಕ್ಕೊಂದು ಸಂಬಂಧವಿಲ್ಲ. ಇದರಿಂದ ಎರಡು ತಾಪತ್ರಯ.

ಮೊದಲನೆಯದು ತೂಕ. ಚಕ್ರ ಜಾರದೆ ನೆಲ ಹಿಡಿಯಬೇಕಾದರೆ ಟ್ರ್ಯಾಕ್ಟರ್ ಭಾರ ಇರಬೇಕು. ಭಾರ ಜಾಸ್ತಿಯಾದರೆ ಉತ್ತ ಮಣ್ಣನ್ನೇ ಅದು ತುಳಿದು ಗಟ್ಟಿ ಮಾಡುತ್ತದೆ, ಹಸಿ ನೆಲದಲ್ಲಿ ಹೂತುಕೊಳ್ಳುತ್ತದೆ, ಬೆಲೆಯೂ ಏರುತ್ತದೆ. ಹಗುರ ಮಾಡಿದರೆ ಚಕ್ರ ಸುಮ್ನೆ ತಿರುಗುತ್ತದೆ.

ಎರಡನೆಯದು ಪ್ರಾಣಕ್ಕೇ ಬರುವಂಥದ್ದು.

ಟ್ರ್ಯಾಕ್ಟರ್ ಹಿಂದಕ್ಕೆ ಯಾಕೆ ಪಲ್ಟಿ ಹೊಡೆಯುತ್ತಿತ್ತು?

ನೇಗಿಲು ನೆಲದೊಳಗಿನ ಬಂಡೆಗೆ ಸಿಕ್ಕಿಹಾಕಿಕೊಂಡಿತು ಅಂದುಕೊಳ್ಳಿ. ಟ್ರ್ಯಾಕ್ಟರ್ ಮುಂದೆ ಹೋಗಲಾರದು. ಇಂಜಿನ್ ಮಾತ್ರ ಚಕ್ರ ತಿರುಗಿಸುವ ಪ್ರಯತ್ನ ಬಿಡುವುದಿಲ್ಲ. ನೆಲಕ್ಕೆ ಕಚ್ಚಿಕೊಂಡ ಚಕ್ರ ತಿರುಗದೇ ಹೋದರೆ ಆ ಬಲ ಎಲ್ಲಾದರೂ ಹೋಗಬೇಕು ಅಲ್ವಾ? ಅದು ಟ್ರ್ಯಾಕ್ಟರಿನ ಮೈಯನ್ನೇ ಹಿಂದಿನ ಆಕ್ಸಲ್ ಸುತ್ತ ತಿರುಗಿಸುತ್ತದೆ. ಮೂತಿ ಮೇಲೇಳುತ್ತದೆ. ಡ್ರೈವರ್ ಕ್ಲಚ್ ತುಳಿಯುವುದು ಒಂದು ಕ್ಷಣ ತಡವಾದರೂ ಇಡೀ ಟ್ರ್ಯಾಕ್ಟರ್ ಅವನ ಮೇಲೇ ಮಗುಚಿಕೊಳ್ಳುತ್ತದೆ. ಸುಮಾರು 1,200 ಕೆಜಿ ತೂಗುತ್ತಿದ್ದ ಫೋರ್ಡ್‌ಸನ್ ಈ ವಿಷಯದಲ್ಲಿ ಕೆಟ್ಟ ಹೆಸರು ತೆಗೆದುಕೊಂಡಿತ್ತು, ಅದರಡಿ ಸಿಕ್ಕಿ ಸತ್ತವರು ಒಬ್ಬಿಬ್ಬರಲ್ಲ. ಇವತ್ತಿಗೂ ಕೆಸರಲ್ಲಿ ಹೂತ ಟ್ರ್ಯಾಕ್ಟರನ್ನೋ ಮರದ ದಿಮ್ಮಿಯನ್ನೋ ಹಗ್ಗ ಎತ್ತರಕ್ಕೆ ಕಟ್ಟಿ ಎಳೆಯುವಾಗ ಆಗುವ ಅನಾಹುತ ಇದೇ.

ಮೂರು ಕೊಂಡಿ ಮಾಡುವ ಕೆಲಸ

ಫರ್ಗ್ಯೂಸನ್‌ನ ಉಪಾಯ: ನೇಗಿಲನ್ನು ಎಳೆಯಬೇಡ, ಟ್ರ್ಯಾಕ್ಟರಿನ ಮೈಗೇ ಸೇರಿಸು. ಎರಡೂ ಒಂದೇ ಯಂತ್ರವಾಗಲಿ. ಹೇಳುವಷ್ಟು ಸುಲಭದಲ್ಲಿ ಆಗಲಿಲ್ಲ. 1917ರಿಂದ ಒಂದಾದ ಮೇಲೊಂದು ನೇಗಿಲು, ಒಂದಾದ ಮೇಲೊಂದು ಜೋಡಣೆ ಮಾಡಿ ನೋಡಿ, ಕೊನೆಗೆ ಮೂರು ಕೊಂಡಿಗೆ ಬಂದು ನಿಲ್ಲಲು ಒಂದು ದಶಕವೇ ಹಿಡಿಯಿತು.

ಈಗ ಬಲಗಳ ಲೆಕ್ಕ ನೋಡೋಣ. ಕೆಳಗಿನ ಎರಡು ಲಿಂಕ್ ನೇಗಿಲನ್ನು ಮುಂದಕ್ಕೆ ಎಳೆಯುತ್ತವೆ. ನೇಗಿಲಿನ ತುದಿ ಮಣ್ಣಿನೊಳಗಿದೆ, ಮಣ್ಣು ಅದನ್ನು ಹಿಂದಕ್ಕೆ ಹಿಡಿಯುತ್ತದೆ. ನಡುವಲ್ಲಿ ಎಳೆತ, ಬುಡದಲ್ಲಿ ತಡೆ. ಹಾಗಾಗಿ ನೇಗಿಲಿನ ಮೇಲ್ಭಾಗ ಮುಂದಕ್ಕೆ ಬಗ್ಗಲು ನೋಡುತ್ತದೆ. ಅಲ್ಲಿ ಟಾಪ್ ಲಿಂಕ್ ಅಡ್ಡ ಇದೆ. ಅದರ ಮೂಲಕ ನೇಗಿಲು ಟ್ರ್ಯಾಕ್ಟರನ್ನು ಮುಂದಕ್ಕೆ ತಳ್ಳುತ್ತದೆ. ಮೂತಿ ಎತ್ತಲು ಹೊರಟ ಬಲಕ್ಕೆ ಸರಿಯಾಗಿ ಎದುರಾಗಿ ನಿಲ್ಲುವುದು ಈ ತಳ್ಳುವಿಕೆಯೇ. ಮುಂದಿನ ಚಕ್ರ ನೆಲ ಬಿಡುವುದಿಲ್ಲ.

ಇನ್ನೊಂದು ಲಾಭವೂ ಇದೆ. ನೇಗಿಲಿನ ಭಾರ, ಅದರ ಮೇಲೆ ಮಣ್ಣು ಒತ್ತುವ ಭಾರ ಎರಡೂ ಕೊಂಡಿಗಳ ಮೂಲಕ ಟ್ರ್ಯಾಕ್ಟರಿನ ಹಿಂದಿನ ಚಕ್ರಗಳ ಮೇಲೆ ಬೀಳುತ್ತವೆ. ಕೆಲಸ ಹೆಚ್ಚಾದಷ್ಟೂ ಹಿಡಿತ ಹೆಚ್ಚು. ಕಬ್ಬಿಣ ತುಂಬಿ ಟ್ರ್ಯಾಕ್ಟರ್ ತೂಕ ಏರಿಸಬೇಕಿಲ್ಲ. ಹಗುರ ಟ್ರ್ಯಾಕ್ಟರ್, ಭಾರದ ಟ್ರ್ಯಾಕ್ಟರಿನ ಕೆಲಸ.

ಹಾಗಾದರೆ ಆಳ? ಹಿಂದೆ ಎಳೆಯುವ ನೇಗಿಲಿಗೆ ಸಣ್ಣ ಚಕ್ರ ಇಟ್ಟು ಆಳ ಕಾಯುತ್ತಿದ್ದರು. ಆ ಚಕ್ರ ಇದ್ದರೆ ಭಾರ ಅದರ ಮೇಲೆ ಹೋಗುತ್ತದೆ, ಟ್ರ್ಯಾಕ್ಟರ್‌ಗೆ ಸಿಗುವುದಿಲ್ಲ. ಚಕ್ರ ತೆಗೆದರೆ, ಉಬ್ಬುತಗ್ಗಿನ ನೆಲದಲ್ಲಿ ಟ್ರ್ಯಾಕ್ಟರ್ ಮೂತಿ ಎದ್ದಾಗ ನೇಗಿಲು ಆಳಕ್ಕಿಳಿಯುತ್ತದೆ, ಮೂತಿ ತಗ್ಗಿದಾಗ ಮೇಲೆ ಬರುತ್ತದೆ.

ಎತ್ತಿನ ನೇಗಿಲು ಹಿಡಿದು ಉತ್ತವರನ್ನು ನೆನಪಿಸಿಕೊಳ್ಳಿ. ಮೇಟಿ ಕೈಯಲ್ಲಿದೆ. ನೇಗಿಲು ಗಟ್ಟಿ ಮಣ್ಣಿಗೆ ಸಿಕ್ಕಿ ಎತ್ತು ಏದುಸಿರು ಬಿಟ್ಟರೆ ಅದು ಅವರ ಅಂಗೈಗೆ ತಿಳಿಯುತ್ತದೆ, ಸ್ವಲ್ಪ ಎತ್ತಿ ಕೊಡುತ್ತಾರೆ. ಮಣ್ಣು ಸಡಿಲವಾದರೆ ಒತ್ತುತ್ತಾರೆ. ಕಣ್ಣಲ್ಲಿ ಆಳ ಅಳೆದು ಮಾಡುವ ಕೆಲಸ ಅಲ್ಲ ಅದು, ಎಳೆತದ ಭಾರ ನೋಡಿಕೊಂಡು ಮಾಡುವುದು.

ಫರ್ಗ್ಯೂಸನ್ ಇದನ್ನೇ ಟಾಪ್ ಲಿಂಕ್‌ಗೆ ಕಲಿಸಿದ. ಟಾಪ್ ಲಿಂಕ್ ಬಂದು ಕೂರುವ ಜಾಗದಲ್ಲಿ ಒಂದು ದಪ್ಪ ಸ್ಪ್ರಿಂಗ್. ಮಣ್ಣಿನ ತಡೆ ಹೆಚ್ಚಾದರೆ ಟಾಪ್ ಲಿಂಕ್ ಜೋರಾಗಿ ತಳ್ಳಿ ಸ್ಪ್ರಿಂಗ್ ಅದುಮುತ್ತದೆ. ಸ್ಪ್ರಿಂಗ್ ಅದುಮಿದರೆ ಅದಕ್ಕೆ ಸೇರಿದ ವಾಲ್ವ್ ತೆರೆದು ಆಯಿಲ್ ಸಿಲಿಂಡರ್‌ಗೆ ಹೋಗುತ್ತದೆ, ಲಿಫ್ಟ್ ನೇಗಿಲನ್ನು ಒಂದಿಷ್ಟು ಎತ್ತುತ್ತದೆ. ತಡೆ ಕಡಿಮೆಯಾದರೆ ಆಯಿಲ್ ವಾಪಸ್, ನೇಗಿಲು ಕೆಳಗೆ. ಉಳುವಷ್ಟು ಹೊತ್ತೂ ತಾನಾಗಿಯೇ ಇದು ನಡೆಯುತ್ತಿರುತ್ತದೆ, ಡ್ರೈವರ್ ತಿರುಗಿ ನೋಡಬೇಕಾಗಿಲ್ಲ. ಇದಕ್ಕೇ ಡ್ರಾಫ್ಟ್ ಕಂಟ್ರೋಲ್ ಅನ್ನುವುದು. ಇದರ ಪೇಟೆಂಟ್‌ಗೆ ಅವನು ಅರ್ಜಿ ಹಾಕಿದ್ದು 1925ರಲ್ಲಿ.

ಬಂಡೆಗೆ ಸಿಕ್ಕಿಕೊಂಡರೆ? ಸ್ಪ್ರಿಂಗ್ ಒಮ್ಮೆಲೇ ಪೂರ್ತಿ ಅದುಮಿ, ವಾಲ್ವ್ ಇನ್ನೂ ಮುಂದೆ ಸರಿದು, ಆಯಿಲ್ ಒತ್ತಡ ಇಳಿದುಬಿಡುತ್ತದೆ. ಹಿಂದಿನ ಚಕ್ರದ ಮೇಲಿದ್ದ ಹೆಚ್ಚುವರಿ ಭಾರ ಹೋಗುತ್ತದೆ, ಚಕ್ರ ನಿಂತಲ್ಲೇ ತಿರುಗುತ್ತದೆ. ಪಲ್ಟಿ ಇಲ್ಲ.

ಇದರಲ್ಲಿ ಕೊರತೆಯೂ ಇದೆ. ಒಂದೇ ಹೊಲದಲ್ಲಿ ಒಂದು ಕಡೆ ಗಟ್ಟಿ ಮಣ್ಣು, ಇನ್ನೊಂದು ಕಡೆ ಮರಳು ಮಣ್ಣು ಇದ್ದರೆ ಎಳೆತ ಒಂದೇ ಇರುತ್ತದೆ, ಆಳ ಮಾತ್ರ ಹೆಚ್ಚುಕಮ್ಮಿ ಆಗುತ್ತದೆ.

ಜೊತೆಗಾರರು ಸಿಕ್ಕರು, ಯಾರೂ ನಿಲ್ಲಲಿಲ್ಲ

ಯೋಚನೆ ಇದ್ದರೆ ಆಗಲಿಲ್ಲ, ಕಾರ್ಖಾನೆ ಬೇಕು. ಫರ್ಗ್ಯೂಸನ್ ಹತ್ತಿರ ಅಷ್ಟು ದುಡ್ಡು ಇರಲಿಲ್ಲ. ಹೆಚ್ಚಾಗಿ ಅವನು ಬೇರೆಯವರ ಕಾರ್ಖಾನೆಯಲ್ಲಿ ತನ್ನ ಯಂತ್ರ ಮಾಡಿಸಿದವನು. ಸ್ವಭಾವವೂ ಸುಲಭದ್ದಲ್ಲ. ತನ್ನ ವಿನ್ಯಾಸದಲ್ಲಿ ಒಂದು ಬೋಲ್ಟ್ ಬದಲಿಸಲೂ ಒಪ್ಪದ ಹಟಮಾರಿ. ಅದರಿಂದ ಒಳ್ಳೆಯದೂ ಆಯಿತು: ಅವನ ಟ್ರ್ಯಾಕ್ಟರಿನ ಹೆಚ್ಚಿನ ಹೊಂದಾಣಿಕೆಗಳನ್ನು ಒಂದೇ ಸ್ಪ್ಯಾನರ್‌ನಲ್ಲಿ ಮಾಡಬಹುದಿತ್ತು, ಆ ಸ್ಪ್ಯಾನರ್ ಮೇಲೆ ಇಂಚಿನ ಗುರುತು ಹಾಕಿ ಅಳತೆಪಟ್ಟಿಯನ್ನಾಗಿಯೂ ಮಾಡಿದ್ದ.

1925ರಲ್ಲಿ ಅಮೆರಿಕದ ಶೆರ್ಮನ್ ಸಹೋದರರ ಜೊತೆ ಸೇರಿ ಇಂಡಿಯಾನಾದ ಎವಾನ್ಸ್‌ವಿಲ್‌ನಲ್ಲಿ ಫೋರ್ಡ್‌ಸನ್‌ಗೆ ಹೊಂದುವ ನೇಗಿಲು ತಯಾರಿಸಿದ. 1928ರಲ್ಲಿ ಫೋರ್ಡ್ ಅಮೆರಿಕದಲ್ಲಿ ಫೋರ್ಡ್‌ಸನ್ ನಿಲ್ಲಿಸಿತು, ಆ ವ್ಯಾಪಾರ ಅಲ್ಲಿಗೆ ಮುಗಿಯಿತು. ಬೇರೆಯವರ ಟ್ರ್ಯಾಕ್ಟರ್ ನಂಬಿ ಪ್ರಯೋಜನವಿಲ್ಲ ಅಂತ ತಾನೇ ಒಂದನ್ನು ಮಾಡಿಸಿದ. 1933ರ ಆ ಮಾದರಿಗೆ ಕಪ್ಪು ಬಣ್ಣ ಬಳಿದಿದ್ದರಿಂದ ಅದು ಬ್ಲ್ಯಾಕ್ ಟ್ರ್ಯಾಕ್ಟರ್ ಅಂತಲೇ ಹೆಸರಾಯಿತು. ಈಗ ಲಂಡನ್ನಿನ ವಿಜ್ಞಾನ ಮ್ಯೂಸಿಯಂನವರ ಬಳಿ ಇದೆ.

ಅದರ ಗೇರು ಮಾಡಿಕೊಟ್ಟಿದ್ದ ಇಂಗ್ಲೆಂಡಿನ ಡೇವಿಡ್ ಬ್ರೌನ್ ಕಂಪನಿ 1936ರಲ್ಲಿ ಫರ್ಗ್ಯೂಸನ್-ಬ್ರೌನ್ ಟ್ರ್ಯಾಕ್ಟರ್ ತಯಾರಿಸಿತು. ಬೆಲೆ 224 ಪೌಂಡ್, ಫೋರ್ಡ್‌ಸನ್‌ಗಿಂತ ಬಹಳ ಜಾಸ್ತಿ. ಮೇಲಾಗಿ ಮನೆಯಲ್ಲಿದ್ದ ಹಳೆ ನೇಗಿಲು ಇದಕ್ಕೆ ಆಗುವುದಿಲ್ಲ, ಪ್ರತಿ ಸಲಕರಣೆಯೂ ಹೊಸದು ಕೊಳ್ಳಬೇಕು. ಸುಮಾರು 1,350 ಟ್ರ್ಯಾಕ್ಟರ್ ಅಷ್ಟೇ ತಯಾರಾದವು. ಇನ್ನೂ ಶಕ್ತಿಯ ಇಂಜಿನ್ ಹಾಕೋಣ ಅಂತ ಬ್ರೌನ್ ಹೇಳಿದ, ಫರ್ಗ್ಯೂಸನ್ ಒಪ್ಪಲಿಲ್ಲ. ಬ್ರೌನ್ ತನ್ನದೇ ಟ್ರ್ಯಾಕ್ಟರ್ ಮಾಡಲು ಹೊರಟ, ಫರ್ಗ್ಯೂಸನ್ ಹಡಗು ಹತ್ತಿದ.

ಫೋರ್ಡ್ ಜೊತೆ ಕೈಕುಲುಕಿದ್ದು

1938ರ ಅಕ್ಟೋಬರ್. ಅಮೆರಿಕದ ಡಿಯರ್‌ಬಾರ್ನ್‌ನಲ್ಲಿ ಹೆನ್ರಿ ಫೋರ್ಡ್ ಮನೆಯ ಹತ್ತಿರದ ಹೊಲ. ಫರ್ಗ್ಯೂಸನ್ ತಂದ ಟ್ರ್ಯಾಕ್ಟರ್ ಪಕ್ಕದಲ್ಲೇ ಫೋರ್ಡ್‌ಸನ್, ಅಲಿಸ್-ಚಾಮರ್ಸ್ ಟ್ರ್ಯಾಕ್ಟರ್‌ಗಳನ್ನೂ ಓಡಿಸಿ ನೋಡಿದರು. ಫರ್ಗ್ಯೂಸನ್‌ನದು ಸಣ್ಣದಾದರೂ ಸಲೀಸಾಗಿ ಉತ್ತಿತು. ಆಮೇಲೆ ಹೊರಗೇ ಒಂದು ಮೇಜು ತರಿಸಿ, ಕೀಲಿ ಕೊಟ್ಟರೆ ಓಡುವ ಸಣ್ಣ ಟ್ರ್ಯಾಕ್ಟರ್ ಮಾದರಿಯಲ್ಲಿ ಕೊಂಡಿ ಹೇಗೆ ಕೆಲಸ ಮಾಡುತ್ತದೆ ಅಂತ ಅವನು ತೋರಿಸಿದ.

ಫೋರ್ಡ್ ಪೇಟೆಂಟ್ ಕೊಂಡುಕೊಳ್ಳಲು ನೋಡಿದ. ಫರ್ಗ್ಯೂಸನ್ ಮಾರಲಿಲ್ಲ. ಕೊನೆಗೆ ಆದ ಮಾತು: ಫೋರ್ಡ್ ತಯಾರಿಸುವುದು, ಫರ್ಗ್ಯೂಸನ್ ಮಾರುವುದು. ಬೇಡವಾದರೆ ಯಾರು ಬೇಕಾದರೂ ಯಾವಾಗ ಬೇಕಾದರೂ ಬಿಡಬಹುದು. ಕಾಗದವಿಲ್ಲ, ವಕೀಲರಿಲ್ಲ, ಕೈಕುಲುಕಿದರು, ಮುಗಿಯಿತು. ಜಗತ್ತಿನ ಅತಿ ದೊಡ್ಡ ಕಾರು ಕಂಪನಿಗಳಲ್ಲೊಂದರ ಜೊತೆ ಬಾಯಿಮಾತಿನ ಒಪ್ಪಂದ! ನಮ್ಮಲ್ಲಿ ಗುತ್ತಿಗೆಗೆ ಹೊಲ ಕೊಡುವವರೂ ಈಗ ಒಂದು ಬಾಂಡ್ ಪೇಪರ್ ಬರೆಸಿಕೊಳ್ಳುತ್ತಾರೆ.

1939ರ ಜೂನ್‌ನಲ್ಲಿ ಫೋರ್ಡ್ 9ಎನ್ ಬಂತು. ಬೆಲೆ 585 ಡಾಲರ್. 1947ರವರೆಗೆ ಈ ಸಾಲಿನ ಟ್ರ್ಯಾಕ್ಟರ್‌ಗಳು 3 ಲಕ್ಷಕ್ಕೂ ಜಾಸ್ತಿ ತಯಾರಾದವು. ಮೂರು ಕೊಂಡಿ ಅಮೆರಿಕದ ರೈತರ ಮನೆಮನೆಗೆ ಹೋದದ್ದು ಹೀಗೆ.

ಬಾಯಿಮಾತು ಕೋರ್ಟಿಗೆ ಬಂದಾಗ

ಮುದುಕ ಫೋರ್ಡ್ ಅಧಿಕಾರ ಬಿಟ್ಟ, ಮೊಮ್ಮಗ ಹೆನ್ರಿ ಫೋರ್ಡ್ ಎರಡನೆಯವನು ಬಂದ. ಲೆಕ್ಕ ತೆಗೆದು ನೋಡಿದರೆ ಟ್ರ್ಯಾಕ್ಟರ್‌ನಿಂದ ಕಂಪನಿಗೆ ನಷ್ಟ, ಮಾರುವ ಫರ್ಗ್ಯೂಸನ್‌ಗೆ ಲಾಭ. 1947ರ ಮಧ್ಯದಿಂದ ಸಂಬಂಧ ಮುಗಿಯಿತು ಅಂದ. ಬೇರೆ ಮಾರಾಟ ಕಂಪನಿ ಕಟ್ಟಿ, 8ಎನ್ ಅನ್ನುವ ಹೊಸ ಟ್ರ್ಯಾಕ್ಟರ್ ತಂದ. ಅದರಲ್ಲೂ ಅದೇ ಮೂರು ಕೊಂಡಿ, ಅದೇ ಹೈಡ್ರಾಲಿಕ್.

ಇಲ್ಲಿ ಪೇಟೆಂಟ್ ಬಗ್ಗೆ ಒಂದು ಮಾತು. ಹೊಸ ಉಪಾಯ ಕಂಡುಹಿಡಿದವನಿಗೆ ಸರ್ಕಾರ ಕೆಲವು ವರ್ಷ ಕೊಡುವ ಹಕ್ಕು ಅದು. ಆ ಅವಧಿಯಲ್ಲಿ ಬೇರೆಯವರು ಅದನ್ನು ಬಳಸಬೇಕಾದರೆ ಅವನ ಒಪ್ಪಿಗೆ ಬೇಕು. ಒಟ್ಟಿಗೆ ಇರುವುದು ಬೇಡ ಅನ್ನುವ ಹಕ್ಕು ಫೋರ್ಡ್‌ಗೆ ಇತ್ತು, ಅದು ಮಾತಿನಲ್ಲೇ ಇತ್ತು. ಬಿಟ್ಟ ಮೇಲೂ ಫರ್ಗ್ಯೂಸನ್‌ನ ಉಪಾಯ ಬಳಸುವ ಹಕ್ಕು ಇತ್ತೇ? ಜಗಳ ಇದ್ದದ್ದು ಅಲ್ಲಿ. 1948ರಲ್ಲಿ ಫರ್ಗ್ಯೂಸನ್ 25 ಕೋಟಿ 10 ಲಕ್ಷ ಡಾಲರ್ ಕೇಳಿ ದಾವೆ ಹೂಡಿದ. ನಾಲ್ಕು ವರ್ಷ ಎಳೆದು, 1952ರ ಏಪ್ರಿಲ್‌ನಲ್ಲಿ 92.5 ಲಕ್ಷ ಡಾಲರ್‌ಗೆ ರಾಜಿಯಾಯಿತು. ಫೋರ್ಡ್ ತನ್ನ ಹೈಡ್ರಾಲಿಕ್ ವಿನ್ಯಾಸವನ್ನೂ ಬದಲಿಸಬೇಕಾಯಿತು. ಕೇಳಿದ್ದಕ್ಕೆ ಹೋಲಿಸಿದರೆ ಸಿಕ್ಕಿದ್ದು ಚೂರು. ಆದರೆ ಕೇಸು ನಡೆಯುತ್ತಿದ್ದಾಗಲೇ ಅವನ ಸ್ವಂತ ವ್ಯಾಪಾರ ಚೆನ್ನಾಗಿ ಬೆಳೆದುಬಿಟ್ಟಿತ್ತು, ಹಾಗಿರುವಾಗ ವ್ಯಾಪಾರ ಹಾಳಾಯಿತು ಅಂತ ವಾದಿಸುವುದು ಕಷ್ಟವಾಯಿತು.

ಬೂದು ಬಣ್ಣದ ಫರ್ಗಿ

ಆ ವ್ಯಾಪಾರ ಇಂಗ್ಲೆಂಡಿನದು. 1946ರಿಂದ ಕವೆಂಟ್ರಿಯ ಬ್ಯಾನರ್ ಲೇನ್ ಕಾರ್ಖಾನೆಯಲ್ಲಿ ಸ್ಟ್ಯಾಂಡರ್ಡ್ ಮೋಟಾರ್ ಕಂಪನಿ ಅವನಿಗಾಗಿ ಟಿಇ20 ಟ್ರ್ಯಾಕ್ಟರ್ ತಯಾರಿಸಿತು. ಬೂದು ಬಣ್ಣ, ಪುಟ್ಟ ಮೈ. ಜನ ಪ್ರೀತಿಯಿಂದ ಫರ್ಗಿ ಅಂದರು. 1956ರವರೆಗೆ 5 ಲಕ್ಷಕ್ಕೂ ಹೆಚ್ಚು ತಯಾರಾದವು. ಎವರೆಸ್ಟ್ ಹತ್ತಿದ ಎಡ್ಮಂಡ್ ಹಿಲರಿ 1958ರ ಜನವರಿಯಲ್ಲಿ ದಕ್ಷಿಣ ಧ್ರುವ ಮುಟ್ಟಿದ್ದು ಇದೇ ಟ್ರ್ಯಾಕ್ಟರಿಗೆ ಪಟ್ಟಿ ಚಕ್ರ ಕಟ್ಟಿಕೊಂಡು.

1953ರಲ್ಲಿ ಫರ್ಗ್ಯೂಸನ್ ತನ್ನ ಕಂಪನಿಯನ್ನು ಕೆನಡಾದ ಮ್ಯಾಸಿ-ಹ್ಯಾರಿಸ್ ಜೊತೆ ಸೇರಿಸಿದ. ಬೆಲೆಯಲ್ಲಿ 10 ಲಕ್ಷ ಡಾಲರ್ ವ್ಯತ್ಯಾಸ ಉಳಿಯಿತು: 1.6 ಕೋಟಿಯೋ, 1.7 ಕೋಟಿಯೋ? ನಾಣ್ಯ ಚಿಮ್ಮೋಣ ಅಂದ ಫರ್ಗ್ಯೂಸನ್. ಚಿಮ್ಮಿದರು. ಸೋತ. ಆ ಜೊತೆಯೂ ನಿಲ್ಲಲಿಲ್ಲ, 1954ರಲ್ಲಿ ಅಧ್ಯಕ್ಷ ಸ್ಥಾನ ಬಿಟ್ಟು ಹೊರಬಂದ. ಕಂಪನಿ 1958ರಲ್ಲಿ ಹೆಸರು ಚಿಕ್ಕದು ಮಾಡಿಕೊಂಡು ಮ್ಯಾಸಿ ಫರ್ಗ್ಯೂಸನ್ ಆಯಿತು. ಅವನು ನಾಲ್ಕೂ ಚಕ್ರಕ್ಕೆ ಇಂಜಿನ್ ಬಲ ಕೊಡುವ ಕಾರಿನ ಕಡೆ ತಿರುಗಿದ. 1960ರ ಅಕ್ಟೋಬರ್ 25ರಂದು ತೀರಿಕೊಂಡ. ಮರುವರ್ಷ ಅವನ ಸಂಸ್ಥೆ ಕಟ್ಟಿದ ನಾಲ್ಕು ಚಕ್ರ ಚಾಲನೆಯ ರೇಸ್ ಕಾರಿನಲ್ಲಿ ಸ್ಟರ್ಲಿಂಗ್ ಮಾಸ್ ಇಂಗ್ಲೆಂಡಿನ ಔಲ್ಟನ್ ಪಾರ್ಕ್ ರೇಸ್ ಗೆದ್ದ.

ನಮ್ಮ ಹೊಲಕ್ಕೆ ಬಂದದ್ದು

ಅದೇ 1960ರಲ್ಲಿ ಚೆನ್ನೈನಲ್ಲಿ, ಮ್ಯಾಸಿ ಫರ್ಗ್ಯೂಸನ್ ಸಹಯೋಗದಲ್ಲಿ ಟಾಫೆ ಹುಟ್ಟಿತು. ನಮ್ಮಲ್ಲಿ ಮಾಮೂಲಿಯಾಗಿ ಕಾಣುವ 1035 ಟ್ರ್ಯಾಕ್ಟರ್, ಫರ್ಗ್ಯೂಸನ್ ಟಿಇ20 ಆದ ಮೇಲೆ ಬಂದ 35 ಅನ್ನುವ ಮಾದರಿಯ ಸಂತತಿ. ನಮ್ಮ ದೊಡ್ಡಬಳ್ಳಾಪುರದಲ್ಲೂ ಟಾಫೆಯ ಕಾರ್ಖಾನೆ ಇದೆ. ಮೂಲ ಮ್ಯಾಸಿ ಫರ್ಗ್ಯೂಸನ್ ಕಂಪನಿಯನ್ನು ಆಗ್ಕೋ 1994ರಲ್ಲಿ ಕೊಂಡುಕೊಂಡಿತು. ಹಾಗಾಗಿಯೇ ಈ ಹೆಸರಿಗೆ ಇಬ್ಬರು ಹಕ್ಕುದಾರರು ಬಂದದ್ದು.

ಪೇಟೆಂಟ್‌ಗಳ ಅವಧಿ ಮುಗಿದ ಮೇಲೆ ಮೂರು ಕೊಂಡಿಯನ್ನು ಎಲ್ಲ ಕಂಪನಿಗಳೂ ಹಾಕಿಕೊಂಡವು. ಸೀಟಿನ ಬಲಗಡೆ ಸಾಮಾನ್ಯವಾಗಿ ಎರಡು ಹೈಡ್ರಾಲಿಕ್ ಲಿವರ್ ಇರುತ್ತವಲ್ಲ, ಒಂದು ಡ್ರಾಫ್ಟ್, ಇನ್ನೊಂದು ಪೊಸಿಷನ್. ಮಣ್ಣಿನೊಳಗೆ ಇಳಿದು ಎಳೆಯುವ ನೇಗಿಲಿಗೆ ಡ್ರಾಫ್ಟ್. ಒಂದೇ ಎತ್ತರದಲ್ಲಿ ನಿಲ್ಲಬೇಕಾದ ರೋಟವೇಟರ್, ಸ್ಪ್ರೇಯರ್‌ಗಳಿಗೆ ಪೊಸಿಷನ್. ಬಹಳ ಜನ ಉಳುವಾಗಲೂ ಪೊಸಿಷನ್‌ನಲ್ಲೇ ಬಿಟ್ಟಿರುತ್ತಾರೆ. ಆಗ ಟಾಪ್ ಲಿಂಕ್ ಎಷ್ಟೇ ತಳ್ಳಿದರೂ ಲಿಫ್ಟ್‌ಗೆ ಅದು ಗೊತ್ತಾಗುವುದಿಲ್ಲ, ಗಟ್ಟಿ ಮಣ್ಣು ಬಂದಾಗ ಚಕ್ರ ಜಾರುತ್ತದೆ, ಡೀಸೆಲ್ ಖರ್ಚಾಗುತ್ತದೆ.

ಕೊಂಡಿಯ ಅಳತೆಗೂ ಅಂತರರಾಷ್ಟ್ರೀಯ ಮಾನದಂಡ ಇದೆ, ಐಎಸ್‌ಒ 730. ಒಂದನೇ ಕೆಟಗರಿಯಲ್ಲಿ ಟಾಪ್ ಲಿಂಕ್ ಪಿನ್ ಸುಮಾರು 19 ಮಿಮೀ, ಕೆಳಗಿನವು 22. ಎರಡನೇ ಕೆಟಗರಿಯಲ್ಲಿ ಸುಮಾರು 25 ಮತ್ತು 28. ಪಕ್ಕದ ಹೊಲದವರ ಕಲ್ಟಿವೇಟರ್ ತಂದು ನಿಮ್ಮ ಟ್ರ್ಯಾಕ್ಟರ್‌ಗೆ ಹಾಕಲು ಆಗುವುದು ಇದರಿಂದಲೇ. ಪಿನ್ ಸಣ್ಣದಾಗಿ ಲೊಡಲೊಡ ಅಂದರೆ ಕೆಟಗರಿ ಬೇರೆ ಇದೆ ಅಂತ ಅರ್ಥ, ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಬುಷ್ ಕೇಳಿ ತಂದು ಹಾಕಿಕೊಳ್ಳಿ.